ಮೃಗಾಲಯದ ‘ಆವರಣ’ಕ್ಕೆ ಬೇರೆ ಪದ ಇದೆಯಾ?

ಗೆಳೆಯರೇ, ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ. ದೊಡ್ಡ ನಗರದ ಮೃಗಾಲಯವನ್ನು ಮೊದಲಿನಿಂದ ಹೊಸದಾಗಿ ಕಟ್ಟುವುದಾದರೆ ಅದು ಹೇಗಿರಬೇಕು ಎಂದು ಕಲ್ಪಿಸಿಕೊಂಡು ಒಂದು ಬರಹ ಬರೆಯುತ್ತಿದ್ದೇನೆ. ನಕ್ಷೆಯನ್ನೂ ಬಿಡಿಸಿದ್ದೇನೆ. ಹುಲಿ ಇರುವ ಜಾಗದ ಮೇಲೆ ಏನೆಂದು ಬರೆಯಲಿ ಎನ್ನುವಲ್ಲಿ ಪೆನ್ನು ನಿಂತುಬಿಟ್ಟಿದೆ. ಇಂಗ್ಲಿಷಿನವರು ‘ಎನ್‌ಕ್ಲೋಷರ್’ ಎಂದು ಮುಗಿಸಿಬಿಡುತ್ತಾರೆ.

ಎಲ್ಲರೂ ಬರೆಯುವುದು ‘ಆವರಣ’. ಆದರೆ ಇಡೀ ಮೃಗಾಲಯವೂ ಒಂದು ಆವರಣವೇ ಅಲ್ವಾ? ‘ಆನೆ ಆವರಣದಿಂದ ಹೊರಗೆ ಬಂತು’ ಎಂದು ಬರೆದರೆ ಅದು ತನ್ನ ಬೇಲಿ ದಾಟಿತೋ, ರಸ್ತೆಗೇ ಬಂತೋ? ಸುಮ್ನೆ ತಕರಾರಲ್ಲ ಇದು, ನನ್ನ ಬರಹದಲ್ಲೇ ಎರಡು ಕಡೆ ಹೀಗೆ ಗೊಂದಲ ಆಗಿದೆ.

‘ಬೋನು’ ಹಿಡಿಯುವ ಸಾಧನ. ಇಲಿಬೋನು ಇದೆ, ಚಿರತೆ ಬೋನಿಗೆ ಬಿತ್ತು ಅನ್ನುತ್ತೇವೆ. ಪಂಜರ ಎಂದ ಕೂಡಲೇ ಗಿಳಿ ನೆನಪಾಗುತ್ತದೆ. ದೊಡ್ಡಿ ಎಂದರೆ ದನ ಕೂಡಿಹಾಕುವ ಜಾಗ. ಈ ಮೂರೂ ಮಾತು ಹುಟ್ಟಿದ್ದು ಕೂಡಿಹಾಕುವವನ ಕಡೆಯಿಂದ. ಅದೇ ಗೂಡು, ಬಿಲ, ಹುತ್ತ, ಗವಿ ನೋಡಿ, ಅವು ಒಳಗಿರುವ ಜೀವದ ಕಡೆಯ ಮಾತುಗಳು. ನನಗೆ ಬೇಕಾಗಿರುವುದು ಈ ಎರಡನೇ ಬಗೆಯದು.

ಯಾಕೆಂದರೆ ಮೃಗಾಲಯ ಕಟ್ಟುವ ರೀತಿಯೇ ಆ ಕಡೆಗೆ ತಿರುಗಿ ತುಂಬ ಕಾಲವಾಯಿತು. ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತೆರೆದ ಮೃಗಾಲಯದಲ್ಲಿ ಸಿಂಹಕ್ಕೂ ಜನಕ್ಕೂ ನಡುವೆ ಕಂಬಿ ಇರಲಿಲ್ಲ, ಕಂದಕ ಇತ್ತು. (ಕಂದಕ ಕೋಟೆಯಿಂದ ಬಂದ ಪದ, ಇಲ್ಲಿಗೂ ಚೆನ್ನಾಗಿ ಒಗ್ಗಿದೆ.) 1970ರ ದಶಕದ ಕೊನೆಗೆ ಅಮೆರಿಕದ ಸಿಯಾಟಲ್ ಮೃಗಾಲಯದಲ್ಲಿ ಗೊರಿಲ್ಲಾಗಳಿಗೆ ಮಾಡಿದ ಜಾಗದಲ್ಲಿ, ಅವುಗಳ ಸುತ್ತ ಇದ್ದಂಥ ಹಸಿರನ್ನೇ ನೋಡುವವರ ಸುತ್ತಲೂ ಬೆಳೆಸಿದರು. ನಾವೇ ಅವುಗಳ ಮನೆಗೆ ಹೋದ ಹಾಗೆ ಅನಿಸಬೇಕು ಅನ್ನುವುದು ಉದ್ದೇಶ. ಅಂಥ ಜಾಗವನ್ನು ಬೋನು ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಹಳೇ ಕಾಲದ ಕಂಬಿಯ ಕೋಣೆಯಲ್ಲಿ ಹುಲಿ ಅತ್ತಿಂದಿತ್ತ ತಿರುಗುವುದನ್ನು ನೋಡಿದ್ದೀರಲ್ಲ? ಒಂದೇ ಗೆರೆ ಮೇಲೆ ಹೋಗುತ್ತದೆ, ಮೂಲೆಯಲ್ಲಿ ಅದೇ ಬದಿಗೆ ತಿರುಗುತ್ತದೆ, ಕಂಬಿಗೆ ಭುಜ ಉಜ್ಜಿಕೊಂಡೇ ವಾಪಸ್ ಬರುತ್ತದೆ, ಮಣ್ಣಿನ ನೆಲವಾದರೆ ಅಲ್ಲಿ ಹುಲ್ಲು ಸವೆದು ದಾರಿಯೇ ಬಿದ್ದಿರುತ್ತದೆ. ಇದಕ್ಕೆ ‘ಶತಪಥ’ ಎಂದು ಬರೆದೆ. ಚಿಂತೆ ಹತ್ತಿದವನು ಶತಪಥ ಹಾಕುತ್ತಾನೆ ಅನ್ನುತ್ತೇವಲ್ಲ, ಹುಲಿಗೂ ಅದು ಸರಿಯಾಗಿ ಕೂರುತ್ತದೆ. ಪದ ಸಿಕ್ಕಿದಾಗ ಖುಷಿಯಾಯಿತು, ಆಮೇಲೆ ಬೇಸರವೂ ಆಯಿತು.

ಇನ್ನು ಜಾಗದ ಹೆಸರಿಗೆ ಮೊದಲು ‘ಬಯಲು’ ಸೇರಿಸಿ ನೋಡಿದೆ. ಆನೆಬಯಲು, ಜಿಂಕೆಬಯಲು, ಕಿವಿಗೆ ಹಿತವಾಗಿದೆ. ಆದರೆ ಕೋತಿಗೆ ಬೇಕಾದ್ದು ಎತ್ತರ, ಮೊಸಳೆಗೆ ನೀರು. ಈಗ ‘ನೆಲೆ’ ಹತ್ತಿರ ನಿಂತಿದ್ದೇನೆ: ಹುಲಿನೆಲೆ, ಕರಡಿನೆಲೆ, ಮೊಸಳೆನೆಲೆ. ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಹೇಳಿದ್ದ ಒಂದು ಮಾತು ಇದಕ್ಕೆ ಒದಗಿತು. ಕಾಡಿನ ಪ್ರಾಣಿಯೂ ಇಷ್ಟ ಬಂದಲ್ಲಿ ಅಲೆಯುವುದಿಲ್ಲ, ಅದಕ್ಕೂ ಗಡಿಯಿದೆ, ಮಲಗಲು, ನೀರು ಕುಡಿಯಲು, ಅಡಗಲು ಗೊತ್ತಾದ ಜಾಗಗಳಿವೆ, ಬರೀ ಅಳತೆಗಿಂತ ಒಳಗೆ ಏನೇನಿದೆ ಅನ್ನುವುದು ಜಾಸ್ತಿ ಮುಖ್ಯ ಅಂತ. ‘ನೆಲೆ’ಯಲ್ಲಿ ಆ ಅರ್ಥ ಇದೆ.

ಒಂದೇ ಅಳುಕು. ಹುಲಿಯ ನೆಲೆ ಎಂದರೆ ಓದುವವರಿಗೆ ಕಾಡು ಕಾಣುತ್ತದೆ. ನಗರದ ನಡುವೆ ಬೇಲಿ ಹಾಕಿದ ಜಾಗಕ್ಕೆ ಆ ಹೆಸರು ಕೊಟ್ಟರೆ ಬೇಲಿಯನ್ನು ಮುಚ್ಚಿಟ್ಟ ಹಾಗೆ ಆಗುವುದಿಲ್ಲವೇ? ಎಷ್ಟೇ ಚೆನ್ನಾಗಿ ಕಟ್ಟಿದರೂ ಅದು ಬೇಲಿಯೇ, ಪದವೂ ಅದನ್ನು ಒಪ್ಪಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ನಿಮ್ಮಲ್ಲಿ ಯಾರಿಗಾದರೂ ಮೃಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುವ ಕೆಲಸದವರ ಪರಿಚಯ ಇದ್ದರೆ ಕೇಳಿ ತಿಳಿಸಿ. ಹಗಲು ಬಿಡುವ ಜಾಗಕ್ಕೆ, ರಾತ್ರಿ ಮಲಗಿಸುವ ಕೋಣೆಗೆ ಅವರವರಲ್ಲೇ ಏನೆಂದು ಕರೆದುಕೊಳ್ಳುತ್ತಾರೆ?