ಅಪ್‌ಡೇಟ್: ಅಪ್ಪನ ಮೂಗಿನ ಇನ್ವರ್ಟೆಡ್ ಪ್ಯಾಪಿಲೋಮ, ಶಸ್ತ್ರಚಿಕಿತ್ಸೆಯ ನಂತರ

ಅಪ್ಪನ ಮೂಗಿನ ಬಲ ಹೊಳ್ಳೆಯಲ್ಲಿದ್ದ ಗೆಡ್ಡೆ ಬಯಾಪ್ಸಿಯಲ್ಲಿ ‘ಇನ್ವರ್ಟೆಡ್ ಪ್ಯಾಪಿಲೋಮ’ (ಮೂಗು, ಸೈನಸ್‌ಗಳ ಒಳಪದರದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆ) ಎಂದು ಬಂದಾಗ, ಅದು ಮರುಕಳಿಸುತ್ತದೆಯೇ, ಕ್ಯಾನ್ಸರ್ ಆಗುತ್ತದೆಯೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಎಂಡೋಸ್ಕೋಪಿ ಮೂಲಕ ಶಸ್ತ್ರಚಿಕಿತ್ಸೆಯಾಯಿತು. ಮೇಲ್ಪದರದ ಜೀವಕೋಶಗಳು ಹೊರಗೆ ಚಾಚುವ ಬದಲು ಕೆಳಗಿನ ಅಂಗಾಂಶದೊಳಗೆ ಮಡಚಿಕೊಂಡು ಬೆಳೆಯುವುದರಿಂದ ‘ಇನ್ವರ್ಟೆಡ್’ (ಒಳಮುಖವಾದ) ಎಂಬ ಹೆಸರು ಬಂದಿದೆಯಂತೆ. ಆದ್ದರಿಂದ ಕಣ್ಣಿಗೆ ಕಾಣುವ ಭಾಗವನ್ನಷ್ಟೇ ಕಿತ್ತರೆ ಸಾಲದು. ಅದು ಅಂಟಿಕೊಂಡಿದ್ದ ಜಾಗದ ಲೋಳೆಪೊರೆಯನ್ನು ಪೂರ್ತಿ ತೆಗೆದು, ಅಡಿಯ ಮೂಳೆಯನ್ನೂ ಡ್ರಿಲ್‌ನಿಂದ ಉಜ್ಜದಿದ್ದರೆ ಉಳಿದ ಬೇರಿನಿಂದಲೇ ಮತ್ತೆ ಚಿಗುರಬಹುದು ಎಂದು ವೈದ್ಯರು ವಿವರಿಸಿದರು. ಅಪ್ಪನಿಗೆ ಬೇರು ಇದ್ದದ್ದು ಕೆನ್ನೆಯ ಸೈನಸ್‌ನ (ಕೆನ್ನೆಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳಿನ) ಗೋಡೆಯಲ್ಲಿ. ಸಿಟಿ ಸ್ಕ್ಯಾನ್‌ನಲ್ಲಿ ಅಲ್ಲಿನ ಮೂಳೆ ದಪ್ಪಗಾಗಿ ಕಂಡದ್ದೇ ಅದರ ಸುಳಿವಾಗಿತ್ತು.

ಕ್ಯಾನ್ಸರ್ ಬಗ್ಗೆ ಹೇಳುವುದಾದರೆ, ಇಂತಹ ಗೆಡ್ಡೆಗಳಲ್ಲಿ ಸುಮಾರು 5ರಿಂದ 15 ಶೇಕಡಾದಷ್ಟರಲ್ಲಿ ಅದೇ ಸಮಯದಲ್ಲಿಯೋ ಮುಂದೆಯೋ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು. ಬಯಾಪ್ಸಿಯ ಚೂರು ಗೆಡ್ಡೆಯ ಎಲ್ಲ ಭಾಗವನ್ನೂ ಪ್ರತಿನಿಧಿಸುವುದಿಲ್ಲವಾದ್ದರಿಂದ, ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳುಹಿಸಿದ್ದರು. ವರದಿಯ ಕೊನೆಯಲ್ಲಿದ್ದ ‘ಡಿಸ್‌ಪ್ಲೇಸಿಯಾ ಇಲ್ಲ, ಕಾರ್ಸಿನೋಮ ಇಲ್ಲ’ (ಅಂದರೆ ಕ್ಯಾನ್ಸರ್‌ಗೆ ಮುನ್ನ ಕಾಣುವ ಜೀವಕೋಶಗಳ ಬದಲಾವಣೆಯೂ ಇಲ್ಲ, ಕ್ಯಾನ್ಸರ್ ಕೂಡ ಇಲ್ಲ) ಎಂಬ ಸಾಲನ್ನು ಅಪ್ಪ ಕನ್ನಡಕ ಹಾಕಿಕೊಂಡು ಮೂರು ಸಲ ಓದಿಕೊಂಡರು.

ಮೊದಲು ತೋರಿಸಿದ್ದ ಕಡೆ ಒಂದು ವರ್ಷ ‘ಅಲರ್ಜಿ’ ಎಂದು ಸ್ಪ್ರೇ ಕೊಟ್ಟು ಕಳೆದದ್ದು ಇನ್ನೂ ಬೇಸರವೇ. ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿರುತ್ತಿದ್ದುದನ್ನು ಯಾರಾದರೂ ಅನುಮಾನಿಸಬೇಕಿತ್ತು. ಮರುಕಳಿಕೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿ ಕಂಡರೂ ತಡವಾಗಿಯೂ ಬರಬಹುದಾದ್ದರಿಂದ, ವರ್ಷಗಟ್ಟಲೆ ಎಂಡೋಸ್ಕೋಪಿ ತಪಾಸಣೆ ಮಾಡಿಸಬೇಕು. ಸದ್ಯಕ್ಕೆ ಅಪ್ಪ ದಿನಕ್ಕೆರಡು ಬಾರಿ, ಮುಖ ಸಿಂಡರಿಸುತ್ತಲೇ, ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳುತ್ತಿದ್ದಾರೆ.