ಬೇಲಿ ಮೇಲಿನ ಮೂರೆಲೆ ಬಳ್ಳಿ: ಪಾಯ್ಸನ್ ಐವಿ ಜೊತೆ ನಮ್ಮ ಅನುಭವ

ಪ್ರಶ್ನೆ: ಪೆನ್ಸಿಲ್ವೇನಿಯಾದ ಹಳ್ಳಿ ಕಡೆ ಎರಡು ಎಕರೆ ಜಾಗದ ಮನೆ ತಗೊಂಡಿದ್ದೇವೆ. ಹಿಂದೆ ಕಾಡು. ಬೇಲಿ ಉದ್ದಕ್ಕೂ, ಎರಡು ಓಕ್ ಮರದ ಮೇಲೂ ಪಾಯ್ಸನ್ ಐವಿ, ಅಂದರೆ ಮುಟ್ಟಿದರೆ ತುರಿಕೆ, ಗುಳ್ಳೆ ಬರಿಸುವ ಬಳ್ಳಿ, ಇದೆ ಅಂತ ಪಕ್ಕದ ಮನೆಯವರು ಹೇಳಿದರು. ಮನೆಯಲ್ಲಿ ಚಿಕ್ಕ ಮಗು, ನಾಯಿ ಇವೆ. ಗುರುತು ಹಿಡಿಯೋದು, ತೆಗೆಯೋದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ನಾವು ಪಕ್ಕದ ನ್ಯೂಜೆರ್ಸಿಯವರು. ಒಂಬತ್ತು ವರ್ಷದಿಂದ ಈ ಬಳ್ಳಿ ಜೊತೆ ಹೆಣಗುತ್ತಿದ್ದೇವೆ. ಎಲೆ ಬಿಲ್ವಪತ್ರೆಯ ಹಾಗೆ ಮೂರು ಮೂರು. ನಡುವಿನ ಎಲೆಗೆ ತೊಟ್ಟು ಉದ್ದ, ಅಕ್ಕಪಕ್ಕದವಕ್ಕೆ ತೊಟ್ಟು ಇಲ್ಲವೇನೋ ಅನ್ನಿಸುತ್ತದೆ. ಮುಳ್ಳಿಲ್ಲ. ಮುಳ್ಳಿದ್ದರೆ ಅದು ಬ್ಲ್ಯಾಕ್‌ಬೆರಿ ಇರಬಹುದು. ಐದೆಲೆ ಇದ್ದರೆ ವರ್ಜೀನಿಯಾ ಕ್ರೀಪರ್. ಚಿಗುರು ಕೆಂಪಗೆ ಹೊಳೆಯುತ್ತದೆ. ಕಾಯಿ ಬಿಳಿ.

ಆದರೆ ನನಗೆ ಅದು ತಾಗಿದ್ದು ಫೆಬ್ರವರಿಯಲ್ಲಿ, ಒಂದು ಎಲೆಯೂ ಇಲ್ಲದಾಗ. ಮರಕ್ಕೆ ಹಬ್ಬಿದ್ದ ಒಣ ಬಳ್ಳಿ ಅಂದುಕೊಂಡು ಬರಿಗೈಯಲ್ಲಿ ಎಳೆದೆ. ಎರಡು ದಿನಕ್ಕೆ ಮೊಣಕೈವರೆಗೆ ಗುಳ್ಳೆ, ರಾತ್ರಿಯಿಡೀ ತುರಿಕೆ. ಪುತ್ತೂರಿನಿಂದ ಬಂದಿದ್ದ ಅಮ್ಮ ನೋಡಿ, "ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಹಾಗೇ ಇದೆಯಲ್ಲ ಮಗಾ" ಅಂದರು. ಅವರು ಹೇಳಿದ್ದು ಸರಿ. ಗೇರು, ಮಾವು, ಈ ಬಳ್ಳಿ ಎಲ್ಲ ಒಂದೇ ಕುಟುಂಬ. ಇದರ ಎಣ್ಣೆಗೆ ಉರುಶಿಯಾಲ್ ಅಂತಾರೆ. ಎಲೆ, ಕಾಂಡ, ಬೇರು, ಎಲ್ಲದರಲ್ಲೂ ಇರುತ್ತದೆ, ಗಿಡ ಸತ್ತ ಮೇಲೂ ಹೋಗಲ್ಲ. ಊರಲ್ಲಿ ಕಾಳುಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಬೇರು ಕಚ್ಚಿ ಹತ್ತೋದು ನೋಡಿದ್ದೀರಲ್ವಾ? ಇದೂ ಹಾಗೇ ಹತ್ತುತ್ತದೆ, ಆದರೆ ಹಳೇ ಬಳ್ಳಿಗೆ ಕಂದು ಕೂದಲಿನ ಹಾಗೆ ಬೇರು ಜಾಸ್ತಿ. ಚಳಿಗಾಲದಲ್ಲಿ ಆ ಕೂದಲೇ ಗುರುತು.

ತಾಗಿದೆ ಅನ್ನಿಸಿದ ತಕ್ಷಣ, ಹತ್ತು ನಿಮಿಷದೊಳಗೆ ಸಾಧ್ಯವಾದರೆ, ತಣ್ಣೀರು ಮತ್ತು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಕತ್ತರಿ, ಬೂಟಿನ ದಾರ, ಬಟ್ಟೆ ಎಲ್ಲಕ್ಕೂ ಎಣ್ಣೆ ಮೆತ್ತಿರುತ್ತದೆ. ನಾಯಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದರೆ ಅದರ ಕೂದಲಿನಿಂದ ಮಗುವಿನ ಕೆನ್ನೆಗೆ ಬರುತ್ತದೆ. ಕಾಡಿಗೆ ಹೋಗಿ ಬಂದ ನಾಯಿಗೆ ಗ್ಲೌಸ್ ಹಾಕಿಕೊಂಡು ಸ್ನಾನ ಮಾಡಿಸಿ. ಗುಳ್ಳೆಯ ನೀರಿನಿಂದ ಇದು ಹರಡಲ್ಲ, ಗುಳ್ಳೆ ಎದ್ದವರಿಂದ ಮಗುವನ್ನು ದೂರ ಇಡಬೇಕಿಲ್ಲ. ಮುಖ, ಕಣ್ಣಿನ ಹತ್ತಿರ ಊದಿದರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ದಯವಿಟ್ಟು ಸುಡಬೇಡಿ. ಇದೊಂದನ್ನು ಕೈಮುಗಿದು ಹೇಳುತ್ತೇನೆ. ಹೊಗೆಯಲ್ಲಿ ಆ ಎಣ್ಣೆ ಶ್ವಾಸಕೋಶಕ್ಕೇ ಹೋಗುತ್ತದೆ. ಹುಲ್ಲು ಕತ್ತರಿಸುವ ಟ್ರಿಮ್ಮರ್‌ನಿಂದಲೂ ಹೊಡೆಯಬೇಡಿ, ರಸ ಮೈಮೇಲೆಲ್ಲ ಸಿಡಿಯುತ್ತದೆ.

ಇನ್ನೊಬ್ಬರ ಉತ್ತರ: ಅಣ್ಣ ಹೇಳಿದ್ದೆಲ್ಲ ನಿಜ. ತೆಗೆಯುವ ಬಗ್ಗೆ ನಾನು ಸೇರಿಸುತ್ತೇನೆ. ಚಿಕ್ಕ ಸಸಿಗಳನ್ನು ಮಳೆ ಬಂದ ಮರುದಿನ ಬೇರುಸಹಿತ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಗೊಬ್ಬರದ ಗುಂಡಿಗೆ ಬೇಡ. ತೆಳು ಲೇಟೆಕ್ಸ್ ಗ್ಲೌಸ್ ಸಾಲದು, ಎಣ್ಣೆ ಒಳಗಿಳಿಯುತ್ತದೆ. ದಪ್ಪ ವಿನೈಲ್ ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿ. ಓಕ್ ಮೇಲಿನ ಬಳ್ಳಿಯನ್ನು ಎಳೆಯಲೇಬೇಡಿ. ಬುಡದಲ್ಲಿ ಕತ್ತರಿಸಿ, ತಕ್ಷಣ ಬುಡದ ಹಸಿ ಗಾಯಕ್ಕೆ ಟ್ರೈಕ್ಲೋಪಿರ್ ಅಥವಾ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಬ್ರಷ್‌ನಲ್ಲಿ ಬಳಿಯಿರಿ. ಡಬ್ಬಿಯ ಮೇಲೆ ಬರೆದ ಅಳತೆ ಮೀರಬೇಡಿ. ಮೇಲಿನದು ಅಲ್ಲೇ ಒಣಗಲಿ. ನಮಗೆ ಮೂರು ಬೇಸಿಗೆ ಹಿಡಿಯಿತು.

ಹಕ್ಕಿಗಳು ಕಾಯಿ ತಿಂದು ಬೇಲಿ ಮೇಲೆ ಕೂರುತ್ತವೆ. ಅದಕ್ಕೇ ಬೇಲಿ ಬುಡದಲ್ಲಿ ಸಸಿ ಮತ್ತೆ ಮತ್ತೆ ಏಳುತ್ತವೆ. ಪ್ರತಿ ಮೇ ತಿಂಗಳು ಒಂದು ಸುತ್ತು ಹಾಕಿ, ಕೆಂಪು ಚಿಗುರು ಕಾಣುವಾಗಲೇ ಕಿತ್ತುಬಿಡಿ.