ಕಬ್ಬು ಕಡಿಯುವ ಮಹಿಳೆಯರಲ್ಲಿ ಮುಟ್ಟು ನಿಂತ ವಯಸ್ಸನ್ನು ಕೇಳುವುದು ಹೇಗೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ):
ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಹಂಗಾಮಿಗೆ ನಮ್ಮ ಬೆಳಗಾವಿ ಸೀಮೆಗೂ ಬರುವ ಕಬ್ಬು ಕಡಿಯುವ ಮಹಿಳೆಯರ ಕುರಿತು ಅಧ್ಯಯನ ಆರಂಭಿಸುತ್ತಿದ್ದೇನೆ. ಪ್ರಶ್ನಾವಳಿಯಲ್ಲಿ ‘ನಿಮ್ಮ ಮುಟ್ಟು ಯಾವ ವಯಸ್ಸಿನಲ್ಲಿ ನಿಂತಿತು?’ ಎಂದಷ್ಟೇ ಇದೆ. ಇಷ್ಟು ಸಾಕೇ?

ಉತ್ತರ 1 (ಸಮಾಜಶಾಸ್ತ್ರ ಅಧ್ಯಾಪಕಿ):
ಖಂಡಿತ ಸಾಲದು. ಮೂವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರೂ ನಲವತ್ತೆಂಟಕ್ಕೆ ಸಹಜವಾಗಿ ಮುಟ್ಟು ನಿಂತವರೂ ಆ ಒಂದೇ ಕಲಂನಲ್ಲಿ ಸೇರಿಹೋಗುತ್ತಾರೆ. 2019ರಲ್ಲಿ ಮಹಾರಾಷ್ಟ್ರ ವಿಧಾನ ಪರಿಷತ್ ಸದಸ್ಯೆ ನೀಲಂ ಗೋರ್ಹೆ ಅವರ ನೇತೃತ್ವದ ಸಮಿತಿಯು ಬೀಡ್‌ನಲ್ಲಿ ಪರಿಶೀಲಿಸಿದ 82,000ಕ್ಕೂ ಹೆಚ್ಚು ಮಹಿಳೆಯರ ಪೈಕಿ 13,000ಕ್ಕೂ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಇದನ್ನು ಬರೀ ವೈದ್ಯಕೀಯ ಸಂಗತಿಯೆಂದು ನೋಡಿದರೆ ಅರ್ಧ ಸತ್ಯವಷ್ಟೇ ಕೈಗೆ ಸಿಗುತ್ತದೆ. ಅಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’ (ಮರಾಠಿಯಲ್ಲಿ ಕುಡುಗೋಲು), ಅಂದರೆ ಕೂಲಿಯ ಲೆಕ್ಕಕ್ಕೆ ಇಬ್ಬರೂ ಸೇರಿ ಒಂದೇ ಘಟಕ. ಹಂಗಾಮಿಗೆ ಮೊದಲೇ ಮುಕಾದಮನಿಂದ (ಕೂಲಿಗಳನ್ನು ಕರೆತರುವ ಗುತ್ತಿಗೆದಾರ) ಮುಂಗಡ ಪಡೆದಿರುತ್ತಾರೆ, ಒಬ್ಬರು ಒಂದು ದಿನ ತಪ್ಪಿಸಿದರೂ 500 ರೂಪಾಯಿಯಷ್ಟು ದಂಡ ಬೀಳುತ್ತದೆ. ಹೊಲದ ಬದಿಯ ಗುಡಿಸಲಿನಲ್ಲಿ ಶೌಚಾಲಯವೂ ಇಲ್ಲ, ಬಟ್ಟೆ ಒಗೆಯಲು ಸಾಕಷ್ಟು ನೀರೂ ಇಲ್ಲ ಎಂಬ ಸ್ಥಿತಿಯಲ್ಲಿ ತಿಂಗಳ ಮುಟ್ಟೇ ಕೂಲಿಗೆ ಕುತ್ತಾಗುತ್ತದೆ; ಅದನ್ನು ತಪ್ಪಿಸಲೆಂದೇ ಹಲವರು ಗರ್ಭಕೋಶ ತೆಗೆಸಿಕೊಳ್ಳುತ್ತಾರೆ. ಆದ್ದರಿಂದ ‘ತಾನಾಗಿ ನಿಂತಿತೋ, ಆಪರೇಷನ್ ಆಯಿತೋ’ ಎಂದು ಮೊದಲು ಕೇಳಿ. ಸಲಹೆ ಕೊಟ್ಟವರು ಯಾರು, ಹಣ ಎಲ್ಲಿಂದ ಬಂತು, ಸಾಲ ಮಾಡಿದ್ದರೆ ಅದು ತೀರಿತೇ ಎಂಬುದನ್ನೂ ಕೇಳಿ.

ಉತ್ತರ 2 (ಸ್ತ್ರೀರೋಗ ತಜ್ಞೆ):
ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂಬುದು ಮುಖ್ಯ. ತೆಗೆದಿದ್ದರೆ ಋತುಬಂಧ ಒಮ್ಮೆಲೇ ಎರಗುತ್ತದೆ, ಮೂಳೆ ಸವೆತ ಬೇಗ ಆರಂಭವಾಗುತ್ತದೆ. ಅಂಡಾಶಯ ತೆಗೆದಿದ್ದಾರೆಯೇ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲವಾದ್ದರಿಂದ, ಅವರು ಒಪ್ಪಿದರೆ ಡಿಸ್ಚಾರ್ಜ್ ಕಾರ್ಡ್ ನೋಡಿ.

ಉತ್ತರ 3 (ಮಹಿಳಾ ಸಂಘಟನೆಯ ಕಾರ್ಯಕರ್ತೆ):
ದಯವಿಟ್ಟು ಗುಡಿಸಲುಗಳ ಬಳಿ, ಮುಕಾದಮನ ಎದುರಿಗೆ ಈ ಪ್ರಶ್ನೆಗಳನ್ನು ಕೇಳಬೇಡಿ. ಹಂಗಾಮು ಮುಗಿದು ಅವರು ಊರಿಗೆ ಮರಳಿದ ಮೇಲೆ, ಮರಾಠಿ ಬಲ್ಲ ಮಹಿಳೆಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ನಿಮ್ಮ ವರದಿಯ ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ ತಲುಪಿದರೆ ಅದನ್ನು ಹಿಡಿದು ನಾವೂ ಕೇಳಬಹುದು. ಮಹಿಳೆಯರ ಹೆಸರು, ಊರು ಮಾತ್ರ ಅದರಲ್ಲಿ ಎಲ್ಲಿಯೂ ಇರಬಾರದು.